ಇಪ್ಪತ್ತೈದಕ್ಕೆ ಒಂಬತ್ತು

ಗೊತ್ತು ಕಣೇ, ಗೊತ್ತು. ನೀನು ಬಾಯಿ ಬಿಡೋದೇ ಬೇಡ. ಇಂಗ್ಲಿಷಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಬಂದಿದೆ, ಉತ್ತರಪತ್ರಿಕೆ ತೋರಿಸಿ ಮಿಸ್ ಅಂತ ಕೇಳೋಕೆ ಬಂದಿದೀಯ. ಬೆಳಗ್ಗಿಂದ ಏಳನೇ ಕ್ಲಾಸಿನವರು ನಾಲ್ಕು ಜನ ಇದನ್ನೇ ಕೇಳಿ ಹೋದ್ರು. ಕೂತ್ಕೊ. ಆ ಕುರ್ಚಿ ಬೇಡ, ಕಾಲು ಮುರಿದಿದೆ, ಸ್ಟೂಲ್ ಮೇಲೆ ಕೂತ್ಕೊ. ಸ್ಟಾಫ್ ರೂಮಲ್ಲಿ ಯಾರೂ ಇಲ್ಲ, ಎಲ್ಲ ಊಟಕ್ಕೆ ಹೋಗಿದಾರೆ. ಬ್ಯಾಗ್ ಯಾಕೆ ಬಿಚ್ತಿದೀಯ? ಪುಸ್ತಕ ಬೇಡ. ಮುಚ್ಚು.

ಪತ್ರಿಕೆ ನೋಡಿದ್ರೆ ಬುದ್ಧಿ ಬರುತ್ತಾ? ಬಾ, ಅಡ್ಜೆಕ್ಟಿವ್ಸ್ ಇನ್ನೊಂದು ಸಲ ನೋಡೋಣ. ಪರೀಕ್ಷೆಲಿ ಇದ್ದಿದ್ದೂ ಅದೇ ತಾನೇ. ಅಡ್ಜೆಕ್ಟಿವ್ ಅಂದ್ರೆ ಏನು? ...ಹಾಂ. ಒಂದು ವಸ್ತು ಎಂಥದ್ದು, ಎಷ್ಟು ಅಂತ ಹೇಳೋ ಪದ. ಆ ಕುರ್ಚಿಗೆ ಒಂದು ಹೇಳು. ಬ್ರೋಕನ್. ಸರಿ. ಈ ಟೀ? ಕೋಲ್ಡ್. ಹೌದು, ಆರಿಹೋಗಿದೆ, ಕುಡಿಯೋಕೆ ಮನಸ್ಸೇ ಬರಲಿಲ್ಲ. ಗುಡ್? ...ಬೆಟರ್, ಬೆಸ್ಟ್. ಬ್ಯಾಡ್? ...ವರ್ಸ್, ವರ್ಸ್ಟ್.

ಇರು ಇರು. ಇದನ್ನೆಲ್ಲ ಯಾರು ಹೇಳಿಕೊಟ್ರು ನಿನಗೆ?

...ನಾನಾ? ಕೊನೇ ಬೆಂಚಲ್ಲಿ ಮೌನಗೌರಿ ಥರ ಕೂತಿರ್ತೀಯ. ಒಂದು ದಿನ ಕೈ ಎತ್ತಿಲ್ಲ. ಕೇಳಿಸ್ಕೊಳ್ತಿದೀಯ ಅಂತ ನನಗೆ ಹೇಗೆ ಗೊತ್ತಾಗಬೇಕು? ನಗಬೇಡ, ತಮಾಷೆ ಮಾಡ್ತಿಲ್ಲ ನಾನು.

ನನಗೊಂದು ಅಡ್ಜೆಕ್ಟಿವ್ ಹೇಳು ನೋಡೋಣ. ಹೆದರಬೇಡ. ಸ್ಟ್ರಿಕ್ಟ್ ಅನ್ನು, ನಮ್ಮ ಮನೇಲೂ ಅದನ್ನೇ ಅಂತಾರೆ. ...ಹೇಳಲ್ವಾ? ಹೋಗಲಿ ಬಿಡು.

ಹದಿನೆಂಟು ವರ್ಷ ಕಣೇ. ಅಂಕ ಕೊಡೋದ್ರಲ್ಲಿ ಒಂದು ದಿನ ತಡ ಮಾಡಿದವಳಲ್ಲ ನಾನು. ಈ ಸಲಾನೂ ಎಲ್ಲರಿಗಿಂತ ಮೊದಲು ಕೊಟ್ಟೆ. ಇಷ್ಟೆಲ್ಲ ಬರೋಳು ಪರೀಕ್ಷೆಲಿ ಯಾಕೆ ಹಾಗೆ ಬರೆದೆ? ಮೂರನೇ ಪ್ರಶ್ನೆಗೆ ಗುಡ್, ಗುಡರ್ ಅಂತ ಬರೆದಿದ್ದೆ. ನಾನೇ ಕೆಂಪು ಇಂಕಲ್ಲಿ ಗೆರೆ ಎಳೆದೆ, ಚೆನ್ನಾಗಿ ನೆನಪಿದೆ. ಕೊನೇ ಪುಟ ಖಾಲಿ. ಹೌದೋ ಅಲ್ವೋ?

ಯಾಕೆ ಹಾಗೆ ನೋಡ್ತೀಯ? ನಾನು ಸುಳ್ಳು ಹೇಳ್ತೀನಾ? ನಿನ್ನದೇ ಅಕ್ಷರ, ಇರುವೆ ಸಾಲಿನ ಥರ. ಡ್ರಿಲ್ ಮೇಷ್ಟ್ರನ್ನ ಬೇಕಾದ್ರೆ ಕೇಳು, ಅವತ್ತು ಪರೀಕ್ಷೆ ರೂಮಲ್ಲಿ ಇದ್ದಿದ್ದು ಅವರೇ... ಏನದು, ಮತ್ತೆ ಬ್ಯಾಗಿಂದ? ಚೀಟಿನಾ? ಅಮ್ಮ ಕೊಟ್ರಾ? ಜಗಳಕ್ಕೆ ಬರ್ತಾರಂತಾ? ತೋರಿಸು.

...ರಜಾ ಅರ್ಜಿ. ಜ್ವರ. ಹನ್ನೊಂದನೇ ತಾರೀಕಿಂದ ಹದಿಮೂರರವರೆಗೆ. ಕ್ಲಾಸ್ ಟೀಚರ್ ಸಹಿ ಇದೆ.

ನಮ್ಮ ಪರೀಕ್ಷೆ ಹನ್ನೆರಡಕ್ಕೆ.

ನೀನು ಬಂದೇ ಇರಲಿಲ್ವಾ?

ಇನ್ನೊಂದು ಸಲ ಬರೆಯೋಕೆ ಬಿಡಿ ಅಂತ ಕೇಳೋಕೆ ಬಂದ್ಯಾ? ಅಷ್ಟೇನಾ? ಮೊದಲೇ ಹೇಳೋಕೇನಾಗಿತ್ತು... ಹೌದು, ನಾನೆಲ್ಲಿ ಬಿಟ್ಟೆ. ಕುಂಬಳಕಾಯಿ ಕಳ್ಳಿ ನಾನು, ಯಾರೂ ಕೇಳದೇನೇ ಹೆಗಲು ಮುಟ್ಟಿ ನೋಡ್ಕೊಂಡೆ.

ಹಾಗೆ ನೋಡಬೇಡ ಕಣಮ್ಮ. ಬಸ್ಸಲ್ಲಿ ನೂಕುನುಗ್ಗಲು. ಪತ್ರಿಕೆ ಕಟ್ಟನ್ನ ಸೀಟಿನ ಕೆಳಗಿಟ್ಟೆ, ಮನೆ ಬಾಗಿಲಿಗೆ ಬಂದ ಮೇಲೆ ನೆನಪಾಯ್ತು. ಮೂವತ್ತೆಂಟು ಪತ್ರಿಕೆ, ಯಾರು ಬಂದಿದ್ರು ಅನ್ನೋ ಹಾಳೆ ಸಮೇತ... ಮೂವತ್ತೆಂಟಲ್ಲ, ಮೂವತ್ತೇಳು. ನಾನು ಎಣಿಸಿಯೇ ಇರಲಿಲ್ಲ ನೋಡು. ಡಿಪೋಗೆ ಮೂರು ಸಲ ಅಲೆದೆ. ಸೋಮವಾರ ಅಂಕ ಕೊಡಬೇಕಿತ್ತು. ಕಳೆದುಹೋಯ್ತು ಅನ್ನೋಕೆ ಬಾಯಿ ಬರಲಿಲ್ಲ. ಪಟ್ಟಿ ಮುಂದಿಟ್ಕೊಂಡು ಒಬ್ಬೊಬ್ಬರ ಮುಖ ನೆನೆಸ್ಕೊಂಡೆ. ಕನ್ನಡಕದವಳು ಜಾಣೆ, ಇಪ್ಪತ್ಮೂರು. ಮಾತಿನಮಲ್ಲ ಸೋಮಾರಿ, ಹದಿನೈದು. ಮೌನಗೌರಿ ದಡ್ಡಿ, ಒಂಬತ್ತು. ಅರ್ಧ ಗಂಟೆಲಿ ಮುಗಿಸಿ ಎದ್ದೆ. ನನಗೆ ಅನುಮಾನಾನೂ ಬರಲಿಲ್ಲ.

ಆ ಚೀಟಿ ಇಲ್ಲಿ ಕೊಡು. ಅಂಕಪಟ್ಟಿಲಿ ಒಂಬತ್ತರ ಎಡಕ್ಕೆ ಒಂದು ಗೆರೆ ಎಳೀತೀನಿ, ಹತ್ತೊಂಬತ್ತು ಆಗುತ್ತೆ. ನಿನಗೂ ಒಳ್ಳೇದು, ಅಮ್ಮನಿಗೂ ಖುಷಿ. ಯಾರಿಗೂ ಹೇಳೋದು ಬೇಡ. ಬಿಡು... ಬೆರಳು ಬಿಡಮ್ಮ.

ಬಿಡಲ್ವಾ?

ಏನಾದ್ರೂ ಅನ್ನು, ಬೇಕಾದ್ರೆ ಬೈ. ಆಗ ಕೇಳಿದೆನಲ್ಲ, ನನಗೊಂದು ಪದ ಹೇಳು ಅಂತ, ಅದನ್ನಾದ್ರೂ ಹೇಳು...

ಬಿಡಬೇಡ. ಗಟ್ಟಿಯಾಗಿ ಹಿಡ್ಕೊ. ನಾನು ಕೇಳಿದ್ರೂ ಕೊಡಬೇಡ. ದೊಡ್ಡ ಮೇಷ್ಟ್ರು ಊಟ ಮುಗಿಸಿ ರೂಮಿಗೆ ಬಂದಿರ್ತಾರೆ, ಅವರಿಗೇ ತೋರಿಸೋಣ, ಏಳು. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ. ನಾನೊಬ್ಬಳೇ ಹೊರಟ್ರೆ ಮೆಟ್ಟಿಲು ಹತ್ತೋದ್ರೊಳಗೆ ಮನಸ್ಸು ಬದಲಾಗುತ್ತೆ.