ಕಂಬಿ ಎಣಿಸಿದ ಜೈಲರ್

ಮಾನ್ಯ ಅಧ್ಯಕ್ಷರೇ, ಉಲ್ಲನ್ ಅಂಗಡಿಗೆ ಬೀಗ ಹಾಕಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ನನ್ನಂಥವನಿಗೂ ಕ್ರೋಶಾ ಕಲಿಸುವ ಎದೆಗಾರಿಕೆ ತೋರಿದ ಟೀಚರಮ್ಮನವರೇ, ಮಾತು ಬೇಗ ಮುಗಿಸಿ ಎಂದು ಆಗಲೇ ಕೈಸನ್ನೆ ಮಾಡುತ್ತಿರುವ ನನ್ನ ಮನೆಯವರೇ ಹಾಗೂ ಸಭಿಕರೇ,

ಈ ಕ್ರೋಶಾ ತರಗತಿಯ ವಾರ್ಷಿಕೋತ್ಸವದಲ್ಲಿ ಹೊಸಬರ ವಿಭಾಗದ ಮೊದಲ ಬಹುಮಾನ ನನಗೆ ಸಿಕ್ಕಿದೆ. ಆ ವಿಭಾಗದಲ್ಲಿದ್ದವನು ನಾನೊಬ್ಬನೇ ಎಂಬುದನ್ನು ದಯವಿಟ್ಟು ಯಾರೂ ಹೊರಗೆ ಹೇಳಬಾರದು.

ನಿವೃತ್ತನಾಗುವವರೆಗೂ ನಾನು ಜೈಲರ್ ಆಗಿದ್ದವನು. ಎಂಥೆಂಥ ಕಿಲಾಡಿಗಳನ್ನು ಕಂಡವನು. ಅಂಥವನಿಗೆ ಇಷ್ಟುದ್ದದ ಕೊಕ್ಕೆ ಕಡ್ಡಿ ಯಾವ ಲೆಕ್ಕ? ಮೊದಲ ದಿನ ಟೀಚರಮ್ಮ "ಕುಣಿಕೆ ಹಾಕಿ" ಎಂದರು. ನಾನು ಬೆವರಿಬಿಟ್ಟೆ. ಹಾಕಬೇಕಾದದ್ದು ದಾರಕ್ಕೆ ಎಂದು ಆಮೇಲೆ ತಿಳಿಯಿತು. ಕುಣಿಕೆಯೊಳಗಿಂದ ದಾರ ಎಳೆದರೆ ಇನ್ನೊಂದು ಕುಣಿಕೆ, ಅದರೊಳಗಿಂದ ಮತ್ತೊಂದು. ಹೀಗೆ ಬೆಳೆಯುವುದು ಸರಪಳಿ. ಅದರ ಮೇಲೆ ಒಂದರ ಪಕ್ಕ ಒಂದು ನಿಲ್ಲುವ ಉದ್ದನೆಯ ಹೆಣಿಗೆಗೆ ನಮ್ಮ ಟೀಚರಮ್ಮ ಕಂಬ ಎನ್ನುತ್ತಾರೆ. ಕುಣಿಕೆ, ಸರಪಳಿ, ಕಂಬ! ಸಭಿಕರೇ, ಹಾಗಾದರೆ ನಾನು ನಿವೃತ್ತನಾದದ್ದಾದರೂ ಯಾವಾಗ? ಕಳ್ಳಕಾಕರೆಲ್ಲ ಕಂಬಿ ಎಣಿಸುವುದನ್ನು ಹೊರಗೆ ನಿಂತು ನೋಡಿದವನು ಈಗ ತಾನೇ ಕೂತು ಎಣಿಸುವಂತಾಯಿತು.

ನನ್ನ ಸರಪಳಿ ಎಷ್ಟು ಬಿಗಿ ಎಂದರೆ ಅದರೊಳಗೆ ಕಡ್ಡಿಯ ಮೂತಿಯೂ ತೂರುತ್ತಿರಲಿಲ್ಲ. "ಸ್ವಲ್ಪ ಸಡಿಲ ಬಿಡಿ ಸಾರ್, ದಾರ ಎಲ್ಲೂ ಓಡಿಹೋಗಲ್ಲ" ಎಂದರು ಟೀಚರಮ್ಮ. ಓಡಿಹೋಗುವುದಿಲ್ಲ ಎಂದು ನನಗೆ ಮಾತು ಕೊಟ್ಟವರು ಬಹಳ ಮಂದಿ. ನಾನು ಯಾರನ್ನೂ ನಂಬಿದವನಲ್ಲ. ಆದರೂ ಕಂಬಗಳು ತಪ್ಪಿಸಿಕೊಂಡವು. ಪ್ರತಿ ಸಾಲಿನ ಕೊನೆಯ ಕಂಬ ಮರೆತೂ ಮರೆತೂ, ಚೌಕವಾಗಬೇಕಿದ್ದ ಮೇಜಿನ ಹಾಸು ತ್ರಿಕೋನವಾಯಿತು. ಇಂದು ಬಹುಮಾನ ಬಂದಿರುವುದು ಅದಕ್ಕೇ. ತೀರ್ಪುಗಾರರು ಅದನ್ನು ತಲೆಗೆ ಕಟ್ಟುವ ಸ್ಕಾರ್ಫ್ ಎಂದುಕೊಂಡರು. ಟೀಚರಮ್ಮ ಕಿಟಕಿಯ ಕಡೆ ನೋಡಿದರು. ನಾನು ಬಾಗಿಲ ಕಡೆ ನೋಡಿದೆ.

ಇಷ್ಟಕ್ಕೂ ನಾನು ಇಲ್ಲಿಗೆ ಬಂದದ್ದೇಕೆ? ನನ್ನ ಮನೆಯವರು ಬರುತ್ತಿದ್ದರು, ಅದಕ್ಕೆ. ಕೆಲಸದಲ್ಲಿದ್ದಾಗ ಹಗಲೂ ಇರುಳೂ ಜೈಲಿನಲ್ಲೇ ಇದ್ದೆ. ಇನ್ನಾದರೂ ಜೊತೆಗಿರೋಣ ಎಂಬ ಆಸೆ. ಆಕೆಯ ಪಕ್ಕಕ್ಕೇ ಕುರ್ಚಿ ಎಳೆದುಕೊಂಡೆ. ನನ್ನ ಕಂಬ ಎಣಿಸಿ ಮುಗಿದ ಮೇಲೆ ಆಕೆಯದನ್ನೂ ಎಣಿಸುತ್ತಿದ್ದೆ. ಪ್ರೀತಿಯಿಲ್ಲದೆ ಯಾರಾದರೂ ಇನ್ನೊಬ್ಬರ ಹೆಣಿಗೆ ಎಣಿಸುತ್ತಾರೆಯೇ? ಒಮ್ಮೆ ಟೀಚರಮ್ಮ ಕೇಳಿದರು: "ನೀವು ಕ್ಲಾಸಿಗೆ ಯಾಕೆ ಸೇರಿದ್ರಿ ಅಮ್ಮಾ?" ಇವಳು ತಲೆಯೆತ್ತದೆ ಹೇಳಿದಳು: "ಇವ್ರು ರಿಟೈರ್ ಆದ್ರಲ್ಲ, ಅದಕ್ಕೇ." ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಹೋದ ವಾರ ನನಗೆ ಜ್ವರ. ಇವಳು ಒಬ್ಬಳೇ ತರಗತಿಗೆ ಬಂದಿದ್ದಳು. ಮನೆಗೆ ಮರಳುವಾಗ ಮೆಟ್ಟಿಲಿನಿಂದಲೇ ಹಾಡು ಗುನುಗುವುದು ಕೇಳಿಸಿತು. ತಿಂಗಳಿಂದ ಒದ್ದಾಡುತ್ತಿದ್ದ ಶಾಲನ್ನು ಚೀಲದಿಂದ ತೆಗೆದಳು ನೋಡಿ, ಮುಗಿದೇ ಹೋಗಿತ್ತು! "ಒಂದೇ ಮಧ್ಯಾಹ್ನದಲ್ಲಿ ಇಷ್ಟೊಂದು ಹೇಗೆ ಹೆಣೆದ್ಯೇ?" ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿ, ಮೆಲ್ಲಗೆ ಹೇಳಿದಳು: "ಇವತ್ತು ಪಕ್ಕದಲ್ಲಿ ಯಾರೂ ಎಣಿಸ್ತಿರ್ಲಿಲ್ಲ ರೀ."

ನನಗೆ ಬಹಳ ನೋವಾಯಿತು, ಸಭಿಕರೇ. ಜ್ವರದ ಮೇಲೆ ಹಾಕೋಣವೆಂದರೆ ಅದು ಆಗಲೇ ಇಳಿದಿತ್ತು.

ಆದ್ದರಿಂದ ಈ ವೇದಿಕೆಯಿಂದಲೇ ತಿಳಿಸುತ್ತೇನೆ. ನಾಳೆಯಿಂದ ನಾನು ತರಗತಿಗೆ ಬರುವುದಿಲ್ಲ. ಮನೆಯಲ್ಲೇ ಕೂತು ಹೆಣೆಯುತ್ತೇನೆ. ಅವಳು ಎಷ್ಟು ಹೊತ್ತಿಗಾದರೂ ಮರಳಲಿ; ಗಡಿಯಾರ ನೋಡಿದ್ದರೂ ನೋಡಲಿಲ್ಲ ಎನ್ನುತ್ತೇನೆ. ಕಲಿಸಿದವರಿಗೂ ಕೇಳಿಸಿಕೊಂಡವರಿಗೂ ನನ್ನ ಧನ್ಯ... ಅಯ್ಯೋ, ಮಾತು ಮುಗಿಯುವ ಮೊದಲೇ ಚಪ್ಪಾಳೆಯೇ? ಯಾರದು? ಸಾಕು, ಸಾಕು, ಅಷ್ಟು ಜೋರಾಗಿ ಬೇಡ ಕಣೇ. ಧನ್ಯವಾದಗಳು. ನಮಸ್ಕಾರ.