ಯಮನ ಕೋಣವೂ ಮಡಿಯುಟ್ಟ ಗಂಡನೂ

ಯಾವ ಊರೆಂದು ಕೇಳಬೇಡಿ, ನಮ್ಮಂಥದ್ದೇ ಒಂದೂರು. ಅಲ್ಲೊಬ್ಬ ಶ್ರೀಮಂತನಿದ್ದ. ದೈವಭಕ್ತ, ಆದರೆ ಭಕ್ತಿಗಿಂತ ಭಯ ಒಂದು ಹಿಡಿ ಹೆಚ್ಚು. ದೇವರ ಕೋಣೆಯ ಮುಂದೆ ಸೀನು ಬಂದರೆ ಮತ್ತೆ ಸ್ನಾನ ಮಾಡುವ ಪೈಕಿ.

ಹೆಂಡತಿ ಹಾಗಲ್ಲ. ಅವಳಿಗೆ ದೇವರು ದೆವ್ವಗಳ ತಮಾಷೆ ಕಥೆಗಳೆಂದರೆ ಪ್ರಾಣ. ಅವಳು ಹಾಸಿಗೆ ಹಿಡಿದಳು. ವೈದ್ಯರು ಕೈಚೆಲ್ಲಿದ್ದರು. ಸೊಸೆ ಪಕ್ಕದಲ್ಲಿ ಕುಳಿತು ಕಥೆ ಓದುತ್ತಿದ್ದಳು. ಯಮನ ಕೋಣ ಹಸಿರು ಹುಲ್ಲು ಕಂಡು ದಾರಿಯಲ್ಲೇ ನಿಂತುಬಿಡುತ್ತದೆ, ಯಮ ಇಳಿದು ಬಾಲ ತಿರುಚುತ್ತಾನೆ, ಅದು ಕದಲುವುದಿಲ್ಲ. ರೋಗಿ ಕೆಮ್ಮು ಬರುವಷ್ಟು ನಕ್ಕಳು.

ಹೊಸ್ತಿಲಲ್ಲಿ ನಿಂತಿದ್ದ ಶ್ರೀಮಂತ ಒಳಗೆ ಓಡಿಬಂದ. ಯಾರು ಬರುವ ಹೊತ್ತಿನಲ್ಲಿ ಯಾರನ್ನು ನೋಡಿ ನಗುವುದು? ಪುಸ್ತಕ ಕಿತ್ತುಕೊಂಡು ಅಟ್ಟಕ್ಕೆ ಹಾಕಿಸಿದ. ಶಾಸ್ತ್ರಿಗಳನ್ನು ಕರೆಸಿ, ಯಾವ ಪಾಪಕ್ಕೆ ಯಾವ ನರಕವೆಂದು ಅವಳ ತಲೆದೆಸೆಯಲ್ಲಿ ಓದಿಸಿದ. ಕುದಿಯುವ ಎಣ್ಣೆ, ಮುಳ್ಳಿನ ಮರ, ಎಲ್ಲವನ್ನೂ.

ನೋಡಿ, ನಗು ನಿಂತಿತು. ಗಂಜಿಯೂ ನಿಂತಿತು. ಬೀದಿಯಲ್ಲಿ ಎಮ್ಮೆ ಕೂಗಿದರೆ ಅವಳು ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ಒಂದು ಸಂಜೆ ಗಂಡನ ಕೈ ಹಿಡಿದಳು.

“ರೀ, ನಾನು ನಕ್ಕಿದ್ದು ಅವರಿಗೆ ಕೇಳಿಸಿರುತ್ತಾ? ನನ್ನನ್ನ ಎಳ್ಕೊಂಡು ಹೋಗ್ತಾರಾ?”

ಅವನನ್ನು ಕೊರೆಯುತ್ತಿದ್ದ ಪ್ರಶ್ನೆಯೂ ಅದೇ. ಆದರೆ ಅವಳಿಗೆ ಈ ಹೆದರಿಕೆಯನ್ನು ತಂದವನು ಯಮನಲ್ಲ, ತಾನೇ ಎಂದು ಅವನಿಗೆ ತಿಳಿಯಿತು.

ಬೆಳಗ್ಗೆ ಸ್ನಾನ ಮಾಡಿ ಮಡಿಯುಟ್ಟ. ಅಟ್ಟದಿಂದ ಪುಸ್ತಕ ಇಳಿಸಿದ. ಅವಳ ಮಂಚದ ಬಳಿ ದೀಪ ಹಚ್ಚಿ, ಮಣೆ ಹಾಕಿ ಕುಳಿತ. ಅವನಿಗೆ ಗೊತ್ತಿದ್ದದ್ದು ಪಾರಾಯಣ ಒಂದೇ. ತಮಾಷೆಯನ್ನೂ ಅದೇ ರಾಗದಲ್ಲಿ ಓದಿದ. “ಶ್ರೀ ಯಮಧರ್ಮರಾಯರು ವಾಹನದಿಂದ ಇಳಿದವರಾಗಿ, ಅದರ ಬಾಲವನ್ನು...” ಮುಂದಕ್ಕೆ ನಾಲಿಗೆ ಏಳಲಿಲ್ಲ. ತಪ್ಪಾಯಿತೆಂದು ಗಲ್ಲ ಬಡಿದುಕೊಂಡ. ಮುಂದಿನ ಸಾಲು, ಮತ್ತೆ ಗಲ್ಲ. ಹಣೆಯಲ್ಲಿ ಬೆವರು.

“ಕೋಣಕ್ಕೆ ನೈವೇದ್ಯ ಯಾವಾಗ್ರೀ?”

ಅವಳು ನಗುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಗಂಜಿ ಕೇಳಿದಳು.

ಗುಣವಾದಳೇ? ಇಲ್ಲ, ಹೋದಳು. ಆದರೆ ಹೋಗುವಾಗ ಮುಖ ಮುಚ್ಚಿಕೊಳ್ಳಲಿಲ್ಲ. ಅವನ ಭಯ ಹೋಯಿತೇ? ಅದೂ ಪೂರ್ತಿ ಹೋಗಲಿಲ್ಲ. ಭಯವನ್ನು ಇಟ್ಟುಕೊಂಡೇ ಅವನು ಓದಿದ. ಅದು ದೊಡ್ಡದು.

ಈಗ ನಿಮ್ಮನ್ನು ಕೇಳುತ್ತೇನೆ. ದೇವರು ಕಣ್ಣು ಕೀಳುತ್ತಾನೆಂದು ಮಕ್ಕಳಿಗೆ ಹೇಳುವವರು ಯಾರು? ನಾವೇ ಅಲ್ಲವೇ? ನರಳುವವರ ಎದುರು ಕರ್ಮ, ಪಾಪ ಎನ್ನುವವರು ಯಾರು? ನಾವೇ ಅಲ್ಲವೇ? ಲೋಕವನ್ನೆಲ್ಲ ಸಾಕುವವನು ಒಂದು ನಗೆಯನ್ನು ಸಹಿಸಲಾರನೇ? ಇವತ್ತಿಗೆ ಹೆದರಿಸುವ ಆ ಮಾತು ಬಿಡಿ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಹತ್ತಿರ ಕುಳಿತುಕೊಳ್ಳಿ. ಅವರಿಗೆ ಇಷ್ಟವಾದದ್ದನ್ನು ಓದಿ, ನಿಮಗೆ ಇಷ್ಟವಾದದ್ದನ್ನಲ್ಲ. ಓದಲು ಬಾರದಿದ್ದರೆ ಬಾಯಲ್ಲಿ ಹೇಳಿ. ಧ್ವನಿ ನಡುಗಿದರೆ ನಡುಗಲಿ. ನಾಳೆ ಓದುತ್ತೇನೆ ಎನ್ನಬೇಡಿ. ಕೇಳುವ ಕಿವಿ ನಾಳೆಯೂ ಇರುತ್ತದೆಂದು ನಿಮಗೆ ಹೇಳಿದವರು ಯಾರು?