ಗೇಟಿನ ಒಳಗಿನ ನೀರು

ಗಂಟಲು ನೋವೇನಿಲ್ಲಪ್ಪ. ಅಮ್ಮಂಗೆ ಹಾಗಂತ ಹೇಳ್ದೆ, ಅಷ್ಟೆ. ಅವಳು ಕಷಾಯ ಮಾಡ್ಕೊಟ್ಳು, ಕುಡ್ದೆ. ಈಗ ನೀನೂ ಬಾಯಿ ತೆಗಿ ನೋಡ್ತೀನಿ ಅನ್ಬೇಡ.

ನಾಳೆ ನಾನು ಆ ಭಾಷಣ ಓದಲ್ಲ. ಅದೇ ವಿಷಯ.

ನಾಚಿಕೆ ಅಲ್ಲ. ಅಂದ್ರೆ... ನಾಚಿಕೆ ಇದೆ, ಇಲ್ಲ ಅಂತಲ್ಲ. ನಿಮ್ಮ ಹೋಟೆಲ್ ಲಾನಲ್ಲಿ, ಡೆಲ್ಲಿಯಿಂದ ಬರೋ ದೊಡ್ಡ ಸಾಹೇಬ್ರ ಮುಂದೆ ಮೈಕ್ ಹಿಡ್ಕೊಂಡು ನಿಲ್ಲೋದು ನೆನೆಸ್ಕೊಂಡ್ರೆ ಈಗ್ಲೇ ಎದ್ದು ರೂಮಿಗೆ ಓಡೋಣ ಅನ್ಸತ್ತೆ. ಆದ್ರೂ ಒಪ್ಕೊಂಡಿದ್ದೆ ತಾನೆ? ನಿಂಗೋಸ್ಕರ. ಅವತ್ತು ಮನೆಗೆ ಬಂದೋನು ಬಾಗಿಲಲ್ಲೇ ನಿಂತ್ಕೊಂಡು ಹೇಳಿದ್ಯಲ್ಲ, ಕಂಪನಿಯವ್ರು ಆಗ್ರಾ, ಲಖನೌ, ಎಲ್ಲೆಲ್ಲಿ ಹೋಟೆಲ್ ನಡೆಸ್ತಾರೋ, ಎಲ್ಲೆಲ್ಲಿ ಫ್ಲ್ಯಾಟ್ ಕಟ್ಟಿಸಿದಾರೋ, ಎಲ್ಲಾ ಕಡೆ ನೋಡಿದ್ರೂ ಬನಾರಸ್ ಹೋಟೆಲಿನಷ್ಟು ನೀರು ಉಳಿಸಿದೋರು ಯಾರೂ ಇಲ್ಲ ಅಂತ. ಬಹುಮಾನ ಇಂಜಿನಿಯರ್ ಪ್ರಾಣೇಶ್‌ಗೇ ಅಂತ. ನೀನು ಅಷ್ಟು ಖುಷಿಯಾಗಿದ್ದು ನಾನು ನೋಡೇ ಇರ್ಲಿಲ್ಲ.

ಯಾಕೆ ನಗ್ತೀಯ? ನಾನು ತಮಾಷೆ ಮಾಡ್ತಿಲ್ಲ. ಶೂ ಪಾಲಿಶ್ ಆಮೇಲೆ ಮಾಡ್ಕೋ, ಇಲ್ಲಿ ನೋಡು ಒಂದ್ನಿಮಿಷ.

ನೀನು ಹೇಳಿದ್ನೆಲ್ಲ ಕೂತು ಬರ್ದೆ ತಾನೆ? ತಾರಸಿ ಮೇಲೆ ಬಿಸಿಲಲ್ಲೇ ನೀರು ಕಾಯ್ಸೋದು. ಸ್ನಾನದ ನೀರು ಸೋಸಿ ಲಾನಿಗೆ ಬಿಡೋದು. ಅಡುಗೆಮನೆ ಸಿಪ್ಪೆ, ಎಂಜಲು ಎಲ್ಲ ಗುಂಡಿಗೆ ಹಾಕಿ ಗೊಬ್ಬರ ಮಾಡೋದು. ಟವೆಲನ್ನ ದಿನಾ ಒಗಿಯಕ್ಕೆ ಹಾಕ್ಬೇಡಿ ಅಂತ ಬಾತ್ರೂಮಲ್ಲಿ ಇಡೋ ಕಾರ್ಡಿಗೆ ಹಿಂದೀಲಿ ಬರ್ಕೊಟ್ಟಿದ್ದೂ ನಾನೇ. ಚಾದರ, ಟವೆಲ್ ಮೂಲೆಗೆ ಹಸಿರು ದಾರದಲ್ಲಿ ಹಾಕಿಸಿದ್ದೀರಲ್ಲ ಎಲೆ, ಅದೂ ನಾನು ಬರ್ದಿದ್ದು. ಅರಳಿ ಎಲೆ ಅಂತ ಬರ್ದೆ, ಎಲ್ರೂ ಪಾನ್ ಎಲೆ ಅಂದ್ಕೋತಾರೆ. ಬನಾರಸ್ ಅಲ್ವಾ, ಏನ್ ಮಾಡೋದು.

ಅದೆಲ್ಲ ಸುಳ್ಳು ಅಂತ ನಾನು ಹೇಳ್ತಿಲ್ಲಪ್ಪ. ಆ ಗೊಬ್ಬರದ ಗುಂಡಿಗೆ ನೀನೇ ಇಳೀತಿದ್ದೆ. ಅಮ್ಮ ನಿನ್ನ ಅಂಗಳದಲ್ಲೇ ನಿಲ್ಲಿಸಿ ಬಕೆಟ್ ನೀರು ಸುರೀತಿದ್ಲು. ಅದೆಲ್ಲ ಓದ್ತೀನಿ.

ಕೊನೇ ಸಾಲು ಓದಕ್ಕಾಗಲ್ಲ.

ಯಾವುದು ಅಂತ ನಿಂಗೆ ಗೊತ್ತಿಲ್ವಾ? "ನಮ್ಮ ಹೋಟೆಲಿನ ಸಾಬೂನಿನ ನೀರು ಒಂದು ತೊಟ್ಟೂ ಗಂಗೆಗೆ ಸೇರುವುದಿಲ್ಲ." ಅದು ನಾನು ಬರ್ದಿದ್ದಲ್ಲ. ನೀನು ಹೇಳಿ ಬರೆಸಿದ್ದು.

ಮೊನ್ನೆ ಅಸ್ಸಿ ಘಾಟಿಗೆ ಹೋಗಿದ್ದೆ. ಒಬ್ಳೇ ಅಲ್ಲ, ನೀಲಾ ಜೊತೆ. ಮಠದಲ್ಲಿ ಅಡುಗೆ ಮಾಡ್ತಾರಲ್ಲ ಅನ್ನದಾನಯ್ಯನೋರು, ಅವ್ರ ಮಗಳು. ಟ್ಯೂಷನ್ ತಪ್ಪಿಸಿಲ್ಲಪ್ಪ... ಮುಗಿದ ಮೇಲೇ ಹೋಗಿದ್ದು. ಅಲ್ಲಿ ಹಳೇ ಪುಸ್ತಕ ಮಾರೋನು ಬಂದಿರ್ತಾನೆ. ವಾಪಸ್ ಬರ್ತಾ ರಸ್ತೆ ಬೇಡ, ಘಾಟಿನ ಮೇಲೇ ನಡೆಯೋಣ ಅಂದ್ಳು ನೀಲಾ.

ಯಾವ ಘಾಟು ಅಂದ್ರೆ... ಧೋಬಿಗಳು ಇರ್ತಾರಲ್ಲ, ಸೋನಾರ್‌ಪುರದಿಂದ ಇಳಿದ್ರೆ ಸಿಗತ್ತಲ್ಲ, ಅದೇ. ಸೊಂಟದುದ್ದ ನೀರಲ್ಲಿ ನಿಂತ್ಕೊಂಡು ಕಲ್ಲಿಗೆ ಬಡೀತಿದ್ರು. ದಡದುದ್ದಕ್ಕೂ ನೊರೆ. ಮೆಟ್ಟಿಲ ತುಂಬ ಬಿಳೀ ಚಾದರ ಹರಡಿತ್ತು, ಕಾಲಿಡಕ್ಕೆ ಜಾಗ ಇಲ್ಲ. ನಾನು ಪುಸ್ತಕ ನೋಡ್ಕೊಂಡು ಬರ್ತಿದ್ದೆ. ನೀಲಾನೇ ತೋರ್ಸಿದ್ದು.

"ನೋಡ ಪ್ರಾರ್ಥನಾ, ನಿಮ್ಮಪ್ಪನ ಹೋಟೆಲ್ಲು ಗಂಗಾಸ್ನಾನಕ್ಕ ಬಂದದ."

ಅವಳಿಗೆ ತಮಾಷೆ. ಒಂದೊಂದು ಚಾದರದ ಮೂಲೇಲೂ ಎಲೆ ಅಪ್ಪ. ನನ್ನ ಎಲೆ.

ನಾನೇ ಹೋಗಿ ಧೋಬಿನ ಕೇಳ್ದೆ. ಹೌದು, ನಾನೇ. ಮನೆಗೆ ಯಾರಾದ್ರೂ ಬಂದ್ರೆ ರೂಮಿಗೆ ಓಡಿಹೋಗ್ತಾಳೆ ಅಂತೀಯಲ್ಲ, ಅವತ್ತು ಕೇಳ್ದೆ. ಕಂಟೋನ್ಮೆಂಟಿನ ದೊಡ್ಡ ಹೋಟೆಲಿಂದು, ಅಲ್ಲಿ ಮಷೀನ್ ನಿಲ್ಲಿಸಿಬಿಟ್ಟಿದಾರೆ, ಈಗ ದಿನಾ ನಮಗೇ ಬರತ್ತೆ ಬಿಟಿಯಾ, ಗಂಗಾ ಮೈಯಾ ದಯೆ ಅಂದ. ಅವನ ಮೇಲೆ ನಂಗೆ ಸಿಟ್ಟಿಲ್ಲ. ಅವನಿಗೆ ಕೆಲಸ ಸಿಕ್ತು.

ಸಿಟ್ಟು ಬಂದಿದ್ದು ನನ್ನ ಮೇಲೇ. ಇಷ್ಟೆಲ್ಲ ಓದ್ತೀನಿ, ಇಷ್ಟು ಗೊತ್ತಾಗ್ಲಿಲ್ವಲ್ಲ ಅಂತ. ನೀನೇ ಹೇಳ್ತಿದ್ದೆ, ಸೋಸೋ ಟ್ಯಾಂಕು ಸ್ನಾನದ ನೀರನ್ನ ತಡ್ಕೊಳ್ಳತ್ತೆ, ಲಾಂಡ್ರಿ ನೀರು ಬಂದ ದಿನ ನೊರೆ ಉಕ್ಕಿ ಲಾನೆಲ್ಲ ಸುಟ್ಟುಹೋಗತ್ತೆ ಅಂತ. ಆಮೇಲೆ ಒಂದಿನ ಎಲ್ಲ ಸರಿಹೋಯ್ತು ಅಂದೆ. ಹೇಗೆ ಸರಿಹೋಯ್ತು? ಲಾಂಡ್ರಿನೇ ಮುಚ್ಚಿದ್ರೆ ನೊರೆ ಎಲ್ಲಿಂದ ಬರತ್ತೆ? ನೀರಿನ ಮೀಟರೂ ಇಳೀತು. ಪರೀಕ್ಷೆ ಮಾಡಕ್ಕೆ ಬರೋರು ನೋಡೋದು ಗೇಟಿನ ಒಳಗಿನ ನೀರು ಮಾತ್ರ. ಗೇಟು ದಾಟಿ ಹೋದ ಕೊಳೆ ಯಾರ ಲೆಕ್ಕಕ್ಕೆ?

ಊಟಕ್ಕೆ ಕೂತಾಗ ಹೇಳಿದ್ದೆ ನೀನು, ಬಟ್ಟೆ ಎಲ್ಲ ಮುಘಲ್‌ಸರಾಯಿಗೆ ಹೋಗತ್ತೆ, ಅಲ್ಲಿ ಹೊಸ ಲಾಂಡ್ರಿ ಆಗಿದೆ ಅಂತ. ಬಟ್ಟೆಗೂ ರೈಲ್ ಟಿಕೆಟ್ ತಗೋಬೇಕಾ ಅಂತ ತಮ್ಮ ಸುಜಯ್ ಕೇಳ್ದ. ನಾವೆಲ್ಲ ನಕ್ವಿ.

ನಿಂಗೆ ಗೊತ್ತಿರ್ಲಿಲ್ಲ, ಅಲ್ವಾ? ಮ್ಯಾನೇಜರ್ ಸಾಹೇಬ್ರು ಮುಘಲ್‌ಸರಾಯ್ ಅಂದಿರ್ತಾರೆ, ನೀನು ನಂಬಿರ್ತೀಯ. ಯಾರು ಏನು ಹೇಳಿದ್ರೂ ನಂಬ್ತೀಯ ಅಂತ ಅಮ್ಮ ಬಯ್ತಾನೇ ಇರ್ತಾಳೆ. ಅದಕ್ಕೇ ಹೇಳ್ತಿದೀನಿ. ನಾಳೆ ಬೇಗ ಹೋಗಿ ಅವ್ರಿಗೆ ಹೇಳು, ಮಗಳು ಆ ಸಾಲು ಓದಲ್ವಂತೆ ಅಂತ. ಯಾಕೆ ಅಂತ್ಲೂ ಹೇಳು. ಮಿಕ್ಕಿದ್ದೆಲ್ಲ ಓದ್ತೀನಿ. ಆಣೆಗೂ. ಗೊಬ್ಬರದ್ದು ಬೇಕಾದ್ರೆ ಎರಡ್ಸಲ ಓದ್ತೀನಿ.

ಎಷ್ಟೊತ್ತಿಗಾ? ಸಂಜೆ. ಇನ್ನೂ ಬೆಳಕಿತ್ತು.

ಹೂಂ, ಬಟ್ಟೆ ಒಯ್ಯಕ್ಕೆ ಗಾಡಿ ಬಂದಿತ್ತು. ಮೇಲ್ಗಡೆ, ಗಲ್ಲಿ ತುದೀಲಿ. ನಿಮ್ಮ ಹೋಟೆಲಿನ ಮೆಟಡಾರೇ. ಡ್ರೈವರ್ ಗಂಟು ಎತ್ತಿಸ್ತಿದ್ದ. ಮುಂದಿನ ಸೀಟಲ್ಲಿ ಯಾರೋ ಕೂತ್ಕೊಂಡು ಬೇಗ ಬೇಗ ಅಂತ ಕೈ ಆಡಿಸ್ತಿದ್ರು. ಮುಖ... ಮುಖ ಕಾಣ್ಲಿಲ್ಲ. ನಾನು ಕೆಳಗಿದ್ನಲ್ಲ.

ಇಲ್ಲ, ನೀಲಾ ನೋಡ್ಲಿಲ್ಲ. ಅವಳು ಆಗ್ಲೇ ಮುಂದೆ ಹೋಗ್ಬಿಟ್ಟಿದ್ಲು.

ಅಮ್ಮಂಗಾ? ಹೇಳಿಲ್ಲ. ಯಾರಿಗೂ ಹೇಳಿಲ್ಲಪ್ಪ. ಈಗ್ಲೇ ಮೊದಲ್ನೇ ಸಲ ಬಾಯ್ಬಿಡ್ತಿರೋದು.

...

ಯಾಕೆ ಮತ್ತೆ ಶೂ ಉಜ್ಜಕ್ಕೆ ಶುರು ಮಾಡ್ದೆ?

ನೀನು ಯಾರ ಜೊತೆ ಹೋಗಿದ್ದೆ ಅಂತ ನನ್ನ ಕೇಳ್ದೆ. ಯಾವ ಘಾಟು ಅಂತ ಕೇಳ್ದೆ. ಎಷ್ಟೊತ್ತಿಗೆ, ನೀಲಾ ನೋಡಿದ್ಲಾ, ಅಮ್ಮಂಗೆ ಹೇಳಿದ್ಯಾ... ಎಲ್ಲ ಕೇಳ್ದೆ. ಗಾಡೀಲಿ ಕೂತಿದ್ದು ಯಾರು ಅಂತ ಮಾತ್ರ ಕೇಳ್ಲಿಲ್ಲ ನೀನು.

ಕೇಳಪ್ಪ. ಒಂದ್ಸಲ ಕೇಳು, ಯಾರು ಅಂತ. ನಂಗೊತ್ತಿಲ್ಲ ಅಂತ್ಲೇ ಹೇಳ್ತೀನಿ.